ಮೊಬೈಲಿನಲ್ಲಿ ಕೇಳುವ ಪ್ರಶ್ನೆ, ಮನೆಯೊಳಗಿನ ಉತ್ತರ

(ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ಏರ್ಪಡಿಸಿದ್ದ ಒಂದು ದಿನದ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿಮ್ಮ ಒಕ್ಕೂಟ ಒಂದು ಸಮೀಕ್ಷೆ ಮಾಡಬೇಕೆಂದು ನಿಶ್ಚಯಿಸಿದೆ. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಮದುವೆಗೆ ಏನೇನು ಕೊಡುತ್ತಾರೆ, ಮದುವೆಯಾದ ಮೇಲೆ ಹೆಣ್ಣುಮಕ್ಕಳು ಏನೇನು ಅನುಭವಿಸುತ್ತಾರೆ ಎಂಬುದನ್ನು ಗೂಗಲ್ ಫಾರ್ಮ್ ಮಾಡಿ, ವಾಟ್ಸಾಪ್ ಗುಂಪುಗಳಿಗೆ ಕಳಿಸಿ ತಿಳಿಯಬೇಕೆಂದು ಯೋಚಿಸಿದ್ದೀರಿ. ಇದು ಮೆಚ್ಚಬೇಕಾದ ಮಾತು. ನಮ್ಮ ಬದುಕಿನ ಲೆಕ್ಕವನ್ನು ಇಷ್ಟು ಕಾಲ ಬೇರೆಯವರೇ ಬರೆದರು. ಉಳಿತಾಯ, ಸಾಲ, ಬಡ್ಡಿಯ ಲೆಕ್ಕವನ್ನು ಒಂದು ಪೈಸೆ ತಪ್ಪದಂತೆ ಬರೆಯುವ ನಿಮಗೆ ಈ ಲೆಕ್ಕವೂ ಖಂಡಿತ ಬರುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದವಳು ನಾನು. ಅದರಲ್ಲಿ ನಿಮ್ಮ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಇಂದು ಹೇಳುತ್ತೇನೆ.

ಫಾರ್ಮ್ ಮಾಡುವುದು ಅರ್ಧ ಗಂಟೆಯ ಕೆಲಸ. ನಿಮ್ಮ ಮಕ್ಕಳೇ ಮಾಡಿಕೊಡುತ್ತಾರೆ. ಆದರೆ ಕಳಿಸುವ ಮುಂಚೆ ನಾವು ಎರಡು ಪ್ರಶ್ನೆಗಳನ್ನು ನಮಗೇ ಕೇಳಿಕೊಳ್ಳಬೇಕು. ಒಂದು, ಉತ್ತರ ಕೊಡುವವರು ಯಾರು? ಇನ್ನೊಂದು, ಉತ್ತರ ಕೊಟ್ಟವಳಿಗೆ ಆಮೇಲೆ ಏನಾಗುತ್ತದೆ?

ಮೊದಲನೆಯದನ್ನು ನೋಡೋಣ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಸಮೀಕ್ಷೆಯ ಶಾಸ್ತ್ರವೆಲ್ಲ ಈ ಮಾತಿನಲ್ಲೇ ಇದೆ. ಆದರೆ ಪಾತ್ರೆಯನ್ನು ಸೌಟಿನಿಂದ ತಿರುವಿ, ತಳದಿಂದಲೂ ಎತ್ತಿದ ಅಗುಳಾದರೆ ಮಾತ್ರ ಅದು ನಿಜ ಹೇಳುತ್ತದೆ. ಮೇಲಿನ ಅಗುಳನ್ನೇ ನೂರು ಸಲ ಹಿಸುಕಿದರೂ ತಳ ಹತ್ತಿದ್ದು ಗೊತ್ತಾಗುವುದಿಲ್ಲ.

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 1936ರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಮುನ್ನ 'ಲಿಟರರಿ ಡೈಜೆಸ್ಟ್' ಎಂಬ ವಾರಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಪತ್ರ ಕಳಿಸಿ, ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಿತು. 23 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ! ಪತ್ರಿಕೆ ಹೆಸರುಗಳನ್ನು ಆರಿಸಿದ್ದು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿಯಿಂದ, ಕಾರು ಇದ್ದವರ ಪಟ್ಟಿಯಿಂದ. ಆ ಕಷ್ಟದ ಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಸಾಲದ್ದಕ್ಕೆ, ನಾಲ್ಕರಲ್ಲಿ ಮೂರು ಜನ ಉತ್ತರಿಸಲೇ ಇಲ್ಲ. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಎಂಬವರು ಎಲ್ಲ ಬಗೆಯ ಜನರಿಂದ ಸುಮಾರು 50 ಸಾವಿರ ಮಂದಿಯನ್ನಷ್ಟೇ ಕೇಳಿ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು. ಎಷ್ಟು ಮಂದಿ ಉತ್ತರ ಕೊಟ್ಟರು ಎಂಬುದಕ್ಕಿಂತ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದೇ ಮುಖ್ಯ.

ಈಗ ನಮ್ಮ ವಿಚಾರಕ್ಕೆ ಬನ್ನಿ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ನೂರಕ್ಕೆ 33, ಗಂಡಸರು 57. ತಾನೇ ಬಳಸುವ ಮೊಬೈಲ್ ಇದೆ ಎಂದ ಹೆಂಗಸರು ನೂರಕ್ಕೆ 54 ಮಾತ್ರ. ಆ ಬಳಿಕ ಮೊಬೈಲು ಇನ್ನಷ್ಟು ಕೈಗಳಿಗೆ ಬಂದಿದೆ, ನಿಜ. ಆದರೆ ನಿಮ್ಮ ಬೀದಿಯಲ್ಲೇ ಲೆಕ್ಕ ಹಾಕಿ ನೋಡಿ. ಮೊಬೈಲು ಯಾರದು, ಯಾರ ಕೈಯಲ್ಲಿ ಇರುತ್ತದೆ, ಕರೆನ್ಸಿ ಹಾಕಿಸುವವರು ಯಾರು? ಮದುವೆಯಾಗಿ ಆರು ತಿಂಗಳಾದ ಸೊಸೆಯ ಕೈಯಲ್ಲಿ ಅದು ಎಷ್ಟು ಹೊತ್ತು ಇರುತ್ತದೆ?

ಇನ್ನೊಂದು ಮಾತನ್ನು ನೇರವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಎಷ್ಟೋ ಸಂಘಗಳಲ್ಲಿ ಸದಸ್ಯೆಯಾಗಿರುವವಳು ಅತ್ತೆ. ಹೊಸ ಸೊಸೆ ಇನ್ನೂ ಸಂಘಕ್ಕೆ ಸೇರಿರುವುದಿಲ್ಲ. ವಾರ ವಾರ ಉಳಿತಾಯ ಕಟ್ಟಲಾರದ ಕಡುಬಡವಳೂ ಹೊರಗೇ ಉಳಿದಿದ್ದಾಳೆ. ವರದಕ್ಷಿಣೆಯ ಕಿರುಕುಳ ಹೆಚ್ಚಾಗಿ ಬೀಳುವುದು ಆ ಹೊಸ ಸೊಸೆಯ ಮೇಲೆ. ಸಂಘದ ವಾಟ್ಸಾಪ್ ಗುಂಪಿಗೆ ಫಾರ್ಮ್ ಹಾಕಿ, 'ನಿಮ್ಮ ಮನೆಯಲ್ಲಿ ಕಿರುಕುಳ ಇದೆಯೇ' ಎಂದು ಕೇಳಿದರೆ 'ಇಲ್ಲ' ಎಂದು ಒತ್ತುವವಳು ಅತ್ತೆ. ನೂರಕ್ಕೆ ತೊಂಬತ್ತು ಮನೆಗಳಲ್ಲಿ ಕಿರುಕುಳವಿಲ್ಲ ಎಂದು ನಾವೇ ವರದಿ ಬರೆದರೆ ಅದರಿಂದ ಯಾರಿಗೆ ಲಾಭ? ನಾಳೆ ಆ ಕಾಗದವನ್ನೇ ನಮ್ಮ ಮುಂದೆ ಹಿಡಿದು 'ನೋಡಿ, ಸಮಸ್ಯೆಯೇ ಇಲ್ಲ' ಎನ್ನುತ್ತಾರೆ.

ಹಾಗಾದರೆ ಏನು ಮಾಡಬೇಕು? ಫಾರ್ಮನ್ನು ಗುಂಪಿಗೆ ಎಸೆಯಬೇಡಿ. ಅದು ಎಲ್ಲೆಲ್ಲಿಗೆ ಫಾರ್ವರ್ಡ್ ಆಯಿತು ಎಂದು ತಿಳಿಯದಿದ್ದರೆ ಎಷ್ಟು ಮಂದಿಯನ್ನು ಕೇಳಿದ್ದೆವು ಎಂಬ ಲೆಕ್ಕವೇ ಸಿಗುವುದಿಲ್ಲ. ಮೊದಲು ಪಟ್ಟಿ ಮಾಡಿ. ಸಂಘದ ಪಟ್ಟಿಯ ಜೊತೆಗೆ ಊರಿನ ಮನೆ ಮನೆಯಲ್ಲಿರುವ ಮದುವೆಯಾದ ಹೆಂಗಸರ ಹೆಸರನ್ನೂ ಸೇರಿಸಿ. ಪಟ್ಟಿಯಲ್ಲಿ 600 ಹೆಸರು ಇವೆ ಎಂದುಕೊಳ್ಳಿ. ಒಂದರಿಂದ ಹತ್ತರೊಳಗಿನ ಒಂದು ಚೀಟಿ ಎತ್ತಿ. ನಾಲ್ಕು ಬಂದರೆ ನಾಲ್ಕನೆಯವಳು, ಹದಿನಾಲ್ಕನೆಯವಳು, ಇಪ್ಪತ್ತನಾಲ್ಕನೆಯವಳು, ಹೀಗೆ 60 ಮಂದಿ. ಸ್ಮಾರ್ಟ್‌ಫೋನ್ ಇಲ್ಲದವಳನ್ನು ಬಿಟ್ಟು ಪಕ್ಕದ ಮನೆಯವಳನ್ನು ಹಿಡಿಯಬಾರದು. ಅವಳ ಬಳಿಗೆ ನಾವೇ ಹೋಗಬೇಕು. 60 ಮಂದಿಯ ಉತ್ತರದಲ್ಲಿ ನೂರಕ್ಕೆ ಹನ್ನೆರಡು-ಹದಿಮೂರರಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದು ನೆನಪಿರಲಿ. ವರದಿಯಲ್ಲಿ ಅದನ್ನೂ ಬರೆಯಬೇಕು.

ಇನ್ನು ಪ್ರಶ್ನೆಯ ಭಾಷೆ. 'ನೀವು ವರದಕ್ಷಿಣೆ ಕೊಟ್ಟಿದ್ದೀರಾ?' ಎಂದು ಕೇಳಿದರೆ ಬಹಳ ಮಂದಿ 'ಇಲ್ಲ' ಎನ್ನುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಹೀಗಿರುವಾಗ ಯಾರು ಒಪ್ಪಿಕೊಳ್ಳುತ್ತಾರೆ? 'ವರದಕ್ಷಿಣೆ ಇಲ್ಲಪ್ಪ, ವರೋಪಚಾರ ಅಷ್ಟೇ' ಎನ್ನುತ್ತಾರೆ. ಆದ್ದರಿಂದ ಒಂದೊಂದಾಗಿ ಕೇಳಿ. ಹುಡುಗನಿಗೆ ಉಂಗುರ, ಚೈನು ಹಾಕಿದಿರಾ? ಬೈಕು ಕೊಡಿಸಿದಿರಾ? ಛತ್ರದ ಬಾಡಿಗೆ, ಊಟದ ಖರ್ಚು ಯಾರದು? ಅದಕ್ಕಾಗಿ ಸಾಲ ಮಾಡಿದಿರಾ, ಸಾಲ ತೀರಿತೇ? ಸಂಘದಿಂದಲೇ ಸಾಲ ತೆಗೆದು ಮಗಳ ಮದುವೆ ಮಾಡಿದವರು ಎಷ್ಟು ಮಂದಿ? ಈ ಕೊನೆಯ ಪ್ರಶ್ನೆ ನಮ್ಮನ್ನೇ ಚುಚ್ಚುತ್ತದೆ. ಆದರೂ ಕೇಳಲೇಬೇಕು.

ಹಿಂಸೆಯ ವಿಚಾರವೂ ಹಾಗೆಯೇ. 'ನಿಮ್ಮ ಮೇಲೆ ದೌರ್ಜನ್ಯ ನಡೆದಿದೆಯೇ' ಎಂದರೆ, ದಿನವೂ ಏಟು ತಿನ್ನುವವಳೂ ಇಲ್ಲವೆನ್ನಬಹುದು. ಗಂಡ ಎಂದ ಮೇಲೆ ಒಂದೇಟು ಹೊಡೆಯುವುದು ಇದ್ದದ್ದೇ ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರಲ್ಲ. ಅದಕ್ಕೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕೆನ್ನೆಗೆ ಹೊಡೆದನೇ, ತಳ್ಳಿದನೇ, ಕೂದಲು ಹಿಡಿದು ಎಳೆದನೇ ಎಂದು ಬಿಡಿಬಿಡಿಯಾಗಿ ಕೇಳುತ್ತಾರೆ. ಕಾಲವನ್ನೂ ಗೊತ್ತುಮಾಡಿ ಕೇಳಬೇಕು. 'ಕಳೆದ ಒಂದು ವರ್ಷದಲ್ಲಿ' ಎಂಬುದಕ್ಕಿಂತ 'ಹೋದ ಯುಗಾದಿಯಿಂದ ಈಚೆಗೆ' ಎಂದರೆ ನೆನಪು ಗಟ್ಟಿಯಾಗಿ ಬರುತ್ತದೆ. ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ ಇರಲಿ. 'ಗಂಡ, ಅತ್ತೆ ಬೈಯುತ್ತಾರೆಯೇ, ಹೊಡೆಯುತ್ತಾರೆಯೇ' ಎಂದು ನಾಲ್ಕನ್ನು ಒಟ್ಟಿಗೆ ಕಟ್ಟಿದರೆ 'ಹೌದು' ಎಂಬುದು ಯಾವುದಕ್ಕೆ ಎಂದು ತಿಳಿಯುವುದು ಹೇಗೆ?

ಅಂಕಿಗಳನ್ನು ಓದುವಾಗಲೂ ಎಚ್ಚರ ಬೇಕು. ನಮ್ಮ ಕರ್ನಾಟಕದಲ್ಲಿ ಗಂಡನ ಹಿಂಸೆ ಅನುಭವಿಸಿದ್ದೇವೆ ಎಂದ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರು 2015-16ರ ನಾಲ್ಕನೆಯ ಸಮೀಕ್ಷೆಯಲ್ಲಿ ನೂರಕ್ಕೆ 20.6. ಐದನೆಯದರಲ್ಲಿ 44.4. ನಾಲ್ಕೈದು ವರ್ಷದಲ್ಲಿ ಹಿಂಸೆ ಇಮ್ಮಡಿಯಾಯಿತೇ? ಹೇಳುವ ಧೈರ್ಯ ಹೆಚ್ಚಿತೇ? ಕೇಳುವವರು ಚೆನ್ನಾಗಿ ಕೇಳಿದರೇ? ಅಂಕಿಯೊಂದೇ ಇದನ್ನು ಹೇಳಲಾರದು. ಆದರೆ ಎರಡು ಅಂಕಿಗಳಲ್ಲಿ ಚಿಕ್ಕದನ್ನೇ ಹಿಡಿದರೂ ಐದು ಮನೆಗೆ ಒಂದು ಮನೆ ಆಯಿತಲ್ಲ!

ಈಗ ಎರಡನೆಯ ಪ್ರಶ್ನೆ, ಅತಿ ಮುಖ್ಯವಾದದ್ದು. ಉತ್ತರ ಕೊಟ್ಟವಳಿಗೆ ಏನಾಗುತ್ತದೆ?

ರಾಷ್ಟ್ರೀಯ ಸಮೀಕ್ಷೆಯಲ್ಲಿ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ ಕೇಳುತ್ತಾರೆ. ಅದೂ ಬೇರೆ ಯಾರೂ ಇಲ್ಲದಾಗ. ಏಕಾಂತ ಸಿಗದಿದ್ದರೆ ಕೇಳುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ತಿರುಳೂ ಇದೇ: ಉತ್ತರಿಸುವವಳ ಕ್ಷೇಮ ಮೊದಲು, ಅಂಕಿ ಆಮೇಲೆ. 2020ರ ಲಾಕ್‌ಡೌನ್ ಕಾಲದಲ್ಲಿ ಹೊಡೆಯುವವನೂ ಏಟು ತಿನ್ನುವವಳೂ ಒಂದೇ ಮನೆಯೊಳಗೆ ಸಿಕ್ಕಿಕೊಂಡಿದ್ದಾಗ, ಕ್ಷೇಮದ ಖಾತ್ರಿಯಿಲ್ಲದೆ ಫೋನಿನಲ್ಲಿ, ಇಂಟರ್ನೆಟ್ಟಿನಲ್ಲಿ ಇಂಥ ಪ್ರಶ್ನೆ ಕೇಳಲು ಹೋಗಬೇಡಿ ಎಂದು ಆ ಸಂಸ್ಥೆಯೂ ವಿಶ್ವಸಂಸ್ಥೆಯ ಮಹಿಳಾ ವಿಭಾಗವೂ ಎಚ್ಚರಿಸಿದ್ದವು. ಎದುರಿಗೆ ಕುಳಿತು ಕೇಳುವವಳು ಗಂಡ ಬಾಗಿಲಿಗೆ ಬಂದ ಕೂಡಲೇ ಮಾತು ತಿರುಗಿಸಿ 'ಮಕ್ಕಳಿಗೆ ಲಸಿಕೆ ಹಾಕಿಸಿದಿರಾ' ಎನ್ನಬಲ್ಲಳು. ಮೊಬೈಲಿನ ಫಾರ್ಮಿಗೆ ಕಣ್ಣಿಲ್ಲ. ಹೆಗಲ ಮೇಲಿಂದ ಯಾರು ಇಣುಕುತ್ತಿದ್ದಾರೆ ಎಂದು ಅದಕ್ಕೆ ಕಾಣದು.

ಇನ್ನೂ ಒಂದು ಅಪಾಯವಿದೆ. ಮೊಬೈಲಿನಲ್ಲಿ ಗೂಗಲ್ ಖಾತೆ ತೆರೆದಿದ್ದರೆ ಅರ್ಧ ತುಂಬಿ ಬಿಟ್ಟ ಉತ್ತರಗಳು ತಾವಾಗಿಯೇ ಉಳಿದುಕೊಳ್ಳುತ್ತವೆ, 30 ದಿನಗಳವರೆಗೆ. ಹೆಂಡತಿ ಮಧ್ಯಾಹ್ನ ತುಂಬಲು ಶುರುಮಾಡಿ ಹೆದರಿ ಮುಚ್ಚಿಟ್ಟರೆ, ಸಂಜೆ ಅದೇ ಮೊಬೈಲಿನಲ್ಲಿ ಗಂಡ ಆ ಲಿಂಕು ಒತ್ತಿ ಓದಬಹುದು. ಇದನ್ನು ತಡೆಯುವ ಆಯ್ಕೆ ಫಾರ್ಮ್ ಮಾಡುವವರ ಸೆಟ್ಟಿಂಗ್ಸಿನಲ್ಲಿದೆ. ಮರೆಯದೆ ಅದನ್ನು ಒತ್ತಿಸಿ. ಇಮೇಲ್ ಸಂಗ್ರಹಿಸುವುದನ್ನು ನಿಲ್ಲಿಸಿ. ಉತ್ತರಿಸಿದವರಿಗೆಲ್ಲ ಒಟ್ಟು ಫಲಿತಾಂಶ ತೋರಿಸುವ ಆಯ್ಕೆಯನ್ನೂ ಮುಚ್ಚಿ. ಯಾವ ಪ್ರಶ್ನೆಯನ್ನೂ ಕಡ್ಡಾಯ ಮಾಡಬೇಡಿ, 'ಹೇಳಲು ಇಷ್ಟವಿಲ್ಲ' ಎಂಬುದೂ ಒಂದು ಉತ್ತರವಾಗಿರಲಿ. 'ಒಬ್ಬರಿಗೆ ಒಂದೇ ಸಲ' ಎಂದು ಬಿಗಿ ಮಾಡಿದರೆ ಖಾತೆ ತೆರೆಯಲೇಬೇಕಾಗುತ್ತದೆ. ಒಂದೇ ಮೊಬೈಲಿರುವ ಮನೆಯಲ್ಲಿ ಎರಡನೆಯವಳಿಗೆ ಬಾಗಿಲು ಮುಚ್ಚಿದಂತೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಸಮೀಕ್ಷೆಯನ್ನು ಎರಡು ಭಾಗ ಮಾಡಿ. ಮದುವೆಯ ಖರ್ಚು, ಸಾಲ, ಚಿನ್ನ, ಇವು ಮೊಬೈಲಿನಲ್ಲಿ ಇರಲಿ. ಹಿಂಸೆಯ ಪ್ರಶ್ನೆಗಳನ್ನು ಮೊಬೈಲಿಗೆ ಹಾಕಬೇಡಿ. ಅವನ್ನು ತರಬೇತಿ ಪಡೆದ ಇಬ್ಬರು ಮೂವರು ಹೆಂಗಸರು ಏಕಾಂತದಲ್ಲಿ ಕೇಳಲಿ. ಅವರು ಪಕ್ಕದ ಹಳ್ಳಿಯವರಾದರೆ ಒಳ್ಳೆಯದು, ನಮ್ಮೂರಿನವಳಿಗೆ ಹೇಳಿದ ಮಾತು ನೀರು ಹಿಡಿಯುವ ನಲ್ಲಿಯ ಹತ್ತಿರ ಬರುತ್ತದೆ. ಸಮೀಕ್ಷೆಯ ಹೆಸರಿನಲ್ಲಿ ಹಿಂಸೆ ಎಂಬ ಪದ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಹಲವು ದೇಶಗಳಲ್ಲಿ ಮಾಡಿದ ತನ್ನ ಅಧ್ಯಯನವನ್ನು 'ಮಹಿಳೆಯರ ಆರೋಗ್ಯ ಮತ್ತು ಜೀವನಾನುಭವ' ಎಂಬ ಹೆಸರಿನಲ್ಲೇ ನಡೆಸಿತು. ಕೇಳುವವಳಿಗೆ 181 ಮಹಿಳಾ ಸಹಾಯವಾಣಿ, 112 ತುರ್ತು ಸಂಖ್ಯೆ, ಜಿಲ್ಲೆಯ ಸಖಿ ಕೇಂದ್ರ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ ಯಾರು ಎಂಬುದು ಬಾಯಿಪಾಠವಾಗಿರಬೇಕು. ಹೊಡೆತ ತಿಂದವರಲ್ಲಿ ನೆರವು ಕೇಳಿದವರು ನೂರಕ್ಕೆ ಸುಮಾರು 14 ಮಾತ್ರ ಎಂದು ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. ನಮ್ಮ ಪ್ರಶ್ನೆಗೆ ಬಾಯಿಬಿಟ್ಟವಳು ಅದನ್ನು ಮೊದಲ ಬಾರಿಗೆ ಹೇಳುತ್ತಿರಬಹುದು. ಬರೆದುಕೊಂಡು ಎದ್ದು ಬರುವುದು ಅನ್ಯಾಯ.

ವರದಿಯಲ್ಲಿ ಹೆಸರು ಇಲ್ಲದಿದ್ದರೆ ಸಾಲದು. '23 ವಯಸ್ಸು, ಅಂಗನವಾಡಿ ಸಹಾಯಕಿ, ಒಬ್ಬ ಮಗ' ಎಂದು ಬರೆದರೆ ಆ ಊರಿನಲ್ಲಿ ಅವಳು ಯಾರೆಂದು ಎಲ್ಲರಿಗೂ ಗೊತ್ತು. ಹಳ್ಳಿವಾರು ಲೆಕ್ಕ ಕೊಡಬೇಡಿ, ಎಲ್ಲ ಹಳ್ಳಿಗಳನ್ನು ಸೇರಿಸಿಯೇ ಕೊಡಿ. ಎಷ್ಟು ಮಂದಿಯನ್ನು ಕೇಳಿದೆವು, ಎಷ್ಟು ಮಂದಿ ಉತ್ತರಿಸಿದರು, ಯಾರು ನಮಗೆ ಸಿಗಲಿಲ್ಲ ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ. ಹಾಗೆ ಬರೆದ ಕಾಗದವನ್ನು ಗ್ರಾಮಸಭೆಯಲ್ಲಿ ಯಾರೂ ಸುಲಭವಾಗಿ ತಳ್ಳಿಹಾಕಲಾರರು.

ಬರುವ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹನ್ನೆರಡು ಪ್ರಶ್ನೆ ಬರೆದು ಗಟ್ಟಿಯಾಗಿ ಓದಿ. ಓದುಬರಹ ಬಾರದ ಅಕ್ಕಂದಿರಿಗೆ ಅರ್ಥವಾಗದ ಪ್ರಶ್ನೆಯನ್ನು ಹೊಡೆದು ಹಾಕಿ, ಅವರ ಮಾತಿನಲ್ಲೇ ಮತ್ತೆ ಬರೆಯಿರಿ. ಒಂದೊಂದು ಪ್ರಶ್ನೆಯ ಮುಂದೆಯೂ 'ಇದನ್ನು ನಮ್ಮ ಸೊಸೆ ಯಾರ ಭಯವೂ ಇಲ್ಲದೆ ಉತ್ತರಿಸಬಲ್ಲಳೇ?' ಎಂದು ಕೇಳಿಕೊಳ್ಳಿ. ಆಗುವುದಿಲ್ಲ ಎಂದಾದರೆ, ಅವಳು ನಿರ್ಭಯವಾಗಿ ಮಾತನಾಡುವ ಜಾಗವೊಂದನ್ನು ಸಂಘದಲ್ಲಿ ಮಾಡಿಕೊಡುವುದು ನಮ್ಮ ಮೊದಲ ಕೆಲಸ. ಸಮೀಕ್ಷೆ ಅದರ ಬೆನ್ನಿಗೆ ಬರಲಿ.