ಪಿಸ್ತೂಲಿಗೂ ಮುಂಚೆ ಬಂದ ಮಾತು

ಪದವಿ ಪಡೆಯುತ್ತಿರುವ ಮಕ್ಕಳೇ, ತೆಂಗಿನ ತೋಟ ನಂಬಿ ಅವರನ್ನು ಓದಿಸಿದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತಂದೆತಾಯಿಗಳೇ,

ತುರುವೇಕೆರೆಯ ನೆರೆಯಲ್ಲೇ ಯಡಿಯೂರಿದೆ. ಅಲ್ಲಿನ ಸಿದ್ಧಲಿಂಗೇಶ್ವರರ ಗದ್ದುಗೆಗೆ ಕಾಯಿ ಒಡೆಸಿ ಬಂದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದಾರು. ಚದುರಿದ್ದ ವಚನಗಳನ್ನು ಕೂಡಿಸಿ ಕಾಪಾಡಿದವರಲ್ಲಿ ಆ ಯತಿಗಳೂ ಅವರ ಶಿಷ್ಯರೂ ಮುಖ್ಯರು. ನಮ್ಮ ಕಾಲದಲ್ಲಿ ಅದೇ ಕೆಲಸಕ್ಕೆ ಬದುಕು ಸವೆಸಿದವರು ಎಂ.ಎಂ. ಕಲಬುರ್ಗಿ. ಸರ್ಕಾರ ಹೊರತಂದ 15 ಸಮಗ್ರ ವಚನ ಸಂಪುಟಗಳ ಹಿಂದೆ ಅವರ ದುಡಿಮೆಯಿದೆ.

2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ, ಅವರ ಮನೆಗೇ ಬಂದು ಗುಂಡು ಹೊಡೆದರು. ಅವರಿಗೆ 76 ವರ್ಷ. ಪತ್ನಿ ಉಮಾದೇವಿ ಮನೆಯಲ್ಲೇ ಇದ್ದರು.

2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯೆದುರು ಪತ್ರಿಕಾ ಸಂಪಾದಕಿ ಗೌರಿ ಲಂಕೇಶ್ ಗುಂಡಿಗೆ ಬಿದ್ದರು. ಎರಡೂ ಕಡೆ ಬಳಸಿದ್ದು 7.65 ಮಿ.ಮೀ. ನಾಡ ಪಿಸ್ತೂಲು, ಎರಡೂ ಒಂದೇ ಎಂದು ವಿಧಿವಿಜ್ಞಾನ ವರದಿ ಹೇಳಿತು.

ಬಂದೂಕಿಗೆ ಕಡಿವಾಣ ಹಾಕಿದರೆ ಸಾಕೇ? ಅಮೆರಿಕದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 2018ರ ಫೆಬ್ರುವರಿ 14ರಂದು 17 ಮಂದಿ ಗುಂಡಿಗೆ ಬಲಿಯಾದಾಗ, ಬದುಕುಳಿದ ವಿದ್ಯಾರ್ಥಿಗಳು ಮರುತಿಂಗಳೇ ವಾಷಿಂಗ್ಟನ್ನಿನಲ್ಲಿ ಜನಸಾಗರ ಕೂಡಿಸಿ ಬಂದೂಕು ಮಾರಾಟಕ್ಕೆ ಕಡಿವಾಣ ಕೇಳಿದರು. ಇಲ್ಲಿಯ ಸ್ಥಿತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಿದೆ. ತೋಟ ಕಾಯಲು ಕೋವಿ ಇಟ್ಟುಕೊಂಡ ರೈತನೂ ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಇಷ್ಟು ಬಿಗಿಯಿದ್ದರೂ ಆ ಪಿಸ್ತೂಲು ಬಂತು. ಅದಕ್ಕೂ ಮುಂಚೆ ಮಾತು ಬಂದಿತ್ತು: ಇವರು ಧರ್ಮದ್ರೋಹಿಗಳು, ಇವರು ಶತ್ರುಗಳು ಎಂಬ ಮಾತು. ಗೌರಿಯವರ ಹಳೆಯ ಭಾಷಣದ ತುಣುಕೊಂದನ್ನು ತೋರಿಸಿ ಯುವಕರ ಮನಸ್ಸು ಕೆಡಿಸಲಾಯಿತು ಎನ್ನುತ್ತದೆ ತನಿಖೆ. ಇಬ್ಬರೂ ಸತ್ತ ಮೇಲೆ ಜಾಲತಾಣಗಳಲ್ಲಿ ಸಂಭ್ರಮಿಸಿದವರಿದ್ದರು. ಸೂತಕದ ಮನೆಯ ಮುಂದೆ ಹಗೆಯವನೂ ದನಿ ತಗ್ಗಿಸುವ ಸೀಮೆಯಿದು. ಆ ಸಂಭ್ರಮ ಕೊಲೆಯಷ್ಟೇ ಘೋರ.

ಮನೆಯವರು ಮಾತ್ರ ಸೇಡಿನ ಮಾತು ಆಡಲಿಲ್ಲ; ಕಾನೂನಿನ ಬಾಗಿಲು ತಟ್ಟಿದರು. ಉಮಾದೇವಿಯವರು ಸುಪ್ರೀಂ ಕೋರ್ಟಿಗೆ ಹೋದರು. ಗೌರಿ ಪ್ರಕರಣ ಭೇದಿಸಿದ ವಿಶೇಷ ತನಿಖಾ ತಂಡಕ್ಕೇ ಕಲಬುರ್ಗಿ ಪ್ರಕರಣವನ್ನೂ ಒಪ್ಪಿಸಿ ನ್ಯಾಯಾಲಯ 2019ರ ಫೆಬ್ರುವರಿಯಲ್ಲಿ ಆದೇಶಿಸಿತು. ಗೌರಿ ಪ್ರಕರಣದ ಆರೋಪಿಯೊಬ್ಬನ ಮೇಲಿನ ಸಂಘಟಿತ ಅಪರಾಧದ ಆರೋಪವನ್ನು ಹೈಕೋರ್ಟ್ ಕೈಬಿಟ್ಟಾಗ ಗೌರಿಯ ತಂಗಿ ಕವಿತಾ ಲಂಕೇಶ್ ಮೇಲ್ಮನವಿ ಹಾಕಿದರು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಊರ್ಜಿತಗೊಳಿಸಿತು. ಆ ಪ್ರಕರಣದ ವಿಚಾರಣೆ ಶುರುವಾದದ್ದು 2022ರ ಜುಲೈನಲ್ಲಿ, ಸಾವಾಗಿ ಐದು ವರ್ಷ ತುಂಬುವ ಹೊತ್ತಿಗೆ. ಅಷ್ಟು ಕಾಲ ದುಃಖವನ್ನು ಎದೆಯಲ್ಲಿಟ್ಟುಕೊಂಡು ಕಡತ ಹಿಡಿದು ಓಡಾಡುವುದು ಎಂಥ ಧೈರ್ಯ!

ಗೌರಿ ಬರೆದ ಕೊನೆಯ ಸಂಪಾದಕೀಯದ ವಿಷಯ ಸುಳ್ಳುಸುದ್ದಿ. ಆ ಸಂಚಿಕೆ ಓದುಗರ ಕೈ ಸೇರುವಾಗ ಅವರಿರಲಿಲ್ಲ.

ಇಂದು ಪದವಿ ಪಡೆದವರಲ್ಲಿ ಎಷ್ಟೋ ಮಂದಿ ತಮ್ಮ ಮನೆಯ ಮೊದಲ ಪದವೀಧರರು. ನಾಳೆ ಕಾಯಿ ಸುಲಿಯುವ ಕಣದಲ್ಲೋ, ತಿಪಟೂರಿನ ಕೊಬ್ಬರಿ ಮಂಡಿಯಲ್ಲೋ ಯಾರಾದರೂ ಫೋನು ಮುಂದೆ ಹಿಡಿದು, "ಓದಿದವ್ನಲ್ವಾ ನೀನು, ಇದು ನಿಜವಾ ನೋಡಪ್ಪ" ಎಂದು ಕೇಳುತ್ತಾರೆ. ಪಕ್ಕದ ಕೇರಿಯವರನ್ನು ಶತ್ರುಗಳೆನ್ನುವ ವಿಡಿಯೋ ಅದಾಗಿದ್ದರೆ, ಅದರ ಮೂಲ ಹುಡುಕಿ, "ಇದು ಸುಳ್ಳು, ಯಾರಿಗೂ ಕಳಿಸಬೇಡಿ ಅಣ್ಣ" ಎಂದು ನಾಲ್ಕು ಜನರ ಮುಂದೆ ಹೇಳುವ ಕೆಲಸ ಈ ಪದವೀಧರರದು. ಆ ಕೆಲಸವನ್ನು ಇಂದು ಸಂಜೆ ಊರಿಗೆ ಹೋಗುವ ಬಸ್ಸಿನಲ್ಲೇ ಶುರು ಮಾಡಬಹುದು.