ಬಿಸಿಲು ಎಲ್ಲರದು, ಕರೆಂಟು ಯಾರದು?
(ಅರಸೀಕೆರೆ, ಬೇಲೂರು, ಹಳೇಬೀಡು ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಬರುವಾಗ ನಿಮ್ಮಲ್ಲೊಬ್ಬ ತಮ್ಮ ಕೇಳಿದ: “ಅಣ್ಣಾ, ಪರೀಕ್ಷೆ ಹೊತ್ತಿಗೇ ಕರೆಂಟು ಯಾಕೆ ಹೋಗುತ್ತೆ?” ಅದನ್ನೇ ಮಾತಾಡೋಣ.

2023ರಲ್ಲಿ ಬೇಲೂರು, ಹಳೇಬೀಡಿನ ಗುಡಿಗಳು ವಿಶ್ವಪರಂಪರೆ ಪಟ್ಟಿ ಸೇರಿದವು, ಎಲ್ಲೆಲ್ಲೂ ಸಂಭ್ರಮ. ಅದೇ ವರ್ಷ ಮಳೆ ಕೈಕೊಟ್ಟಿತು. ಮಳೆ ಇಲ್ಲದಾಗ ಅರಸೀಕೆರೆಯ ತೆಂಗು ಉಳಿಸೋಕೆ ಬೋರ್‌ವೆಲ್ ಪಂಪು ಜಾಸ್ತಿ ಓಡಬೇಕು. ಲಿಂಗನಮಕ್ಕಿಯಂಥ ಜಲಾಶಯದಲ್ಲಿ ಕರೆಂಟು ಹುಟ್ಟಿಸೋ ನೀರೂ ಆಗಲೇ ಇರಲ್ಲ. ಒಂದೇ ಬರ ಎರಡೂ ಕಡೆಯಿಂದ ಹೊಡೀತು. 2024ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 17 ಸಾವಿರ ಮೆಗಾವಾಟ್ ದಾಟಿತು.

ಸೋಲಾರ್ ಇದೆಯಲ್ಲ ಅಂತೀರಿ. ಇದೆ, ಹಗಲಲ್ಲಿ. ನೀವು ಸಂಜೆ ಪುಸ್ತಕ ಬಿಚ್ಚೋ ಹೊತ್ತಿಗೆ ಸೂರ್ಯ ಮುಳುಗಿರ್ತಾನೆ. ಆಗ ರಾಯಚೂರು, ಬಳ್ಳಾರಿಯ ಕಲ್ಲಿದ್ದಲನ್ನೇ ನೆಚ್ಚಬೇಕು. ಹೊಸ ಸೋಲಾರೆಲ್ಲ ಏರಿದ ಬೇಡಿಕೆಗೇ ಮುಗಿದು ಹೋದರೆ ಹಳೇ ಒಲೆ ಆರೋದು ಯಾವಾಗ?

ಇನ್ನು ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಪಾವಗಡ. 2018ರಲ್ಲಿ ಶುರುವಾದ ಸೋಲಾರ್ ಪಾರ್ಕು. ಸುಮಾರು 13 ಸಾವಿರ ಎಕರೆ, 2050 ಮೆಗಾವಾಟ್. ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿದರು. ಎಕರೆಗೆ ವರ್ಷಕ್ಕೆ 21 ಸಾವಿರ ಅಂತ ಶುರು. ಬರದ ಸೀಮೇಲಿ ಅದು ಒಳ್ಳೇ ದುಡ್ಡೇ, ಸುಳ್ಳು ಹೇಳಬಾರದು. ಆದರೆ ಯಾರಿಗೆ? ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕಿತ್ತು ಕೂಲಿ ತರ್ತಿದ್ದ ಅವ್ವಂದಿರ ಹೆಸರು ಯಾವ ಪಹಣಿಯಲ್ಲಿತ್ತು? ಕೂಲಿ ಹೋಯಿತು, ಕುರಿ ಮೇಯೋ ಬಯಲಿಗೂ ಬೇಲಿ ಬಿತ್ತು. ಕೆಲವರಿಗೆ ಹುಲ್ಲು ಕೊಯ್ಯೋ, ಹಲಗೆ ತೊಳೆಯೋ, ಕಾವಲು ಕಾಯೋ ಕೆಲಸ ಸಿಕ್ಕಿತು. ಹೊಗೆ ಇಲ್ಲದ ಕರೆಂಟು ಅದು, ಒಪ್ಪಿದೆ.

ಹಾಗಂತ ಕರೆಂಟೇ ಬೇಡ ಅನ್ನೋದು ನಮ್ಮ ಮಾತಲ್ಲ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ತಿನ ನೀತಿಯೂ ಅವರ ಕೈಲಿತ್ತು. (ಸಂವಿಧಾನದ ದಿನ ಮಾತ್ರ ಅವರನ್ನು ನೆನೆಯೋರು ಇದನ್ನು ಹೇಳೋದೇ ಇಲ್ಲ.) ಕರೆಂಟು ಅಗ್ಗವಾಗಿ, ಧಾರಾಳವಾಗಿ ಸಿಗಬೇಕು, ಅದರಿಂದ ಕೈಗಾರಿಕೆ ಬೆಳೆದು ಜನ ಬಡತನದಿಂದ ಹೊರಬರಬೇಕು ಅನ್ನೋದು ಅವರ ವಾದ. 2023ರ ಗೃಹಜ್ಯೋತಿ ಬಂದ ಮೇಲೆ ಬೇಡಿಕೆ ಏರಿತು ಅಂತ ಕೇರಿ ಕಡೆ ಬೆರಳು ತೋರಿಸೋರಿದ್ದಾರೆ. ಎರಡು ಬಲ್ಬು, ಒಂದು ಫ್ಯಾನು, ಒಂದು ಟೀವಿ! ಬೆಂಗಳೂರಿನ ಏಸಿಗಳ ಲೆಕ್ಕ ಮೊದಲು ಹಾಕಲಿ.

ನಾಳೆ ನಮ್ಮ ಒಣಭೂಮಿಗೂ ಗುತ್ತಿಗೆ ಕಾಗದ ಹಿಡಿದು ಬಂದಾರು. ಗ್ರಾಮಸಭೆಯಲ್ಲಿ ಎದ್ದು ಕೇಳಿ: ಭೂಮಿ ಇಲ್ಲದ ಕೂಲಿಯವರ ಪಟ್ಟಿ ಎಲ್ಲಿ? ಐಟಿಐ ಮುಗಿಸಿದ ನಮ್ಮ ಹುಡುಗ ಹುಡುಗಿಯರಿಗೆ ಯಂತ್ರ ನಡೆಸೋ ಕೆಲಸ ಎಷ್ಟು? ಬಾಯಿಮಾತು ಬೇಡ, ಬರೆದು ಕೊಡಿ ಅನ್ನಿ.

ಈಗ ಹಾಸ್ಟೆಲ್ ಮಾಳಿಗೆಗೆ ಸೋಲಾರು, ರಾತ್ರಿ ಓದಿಗೆ ಬ್ಯಾಟರಿ ಕೇಳಿ ಒಂದು ಅರ್ಜಿ ಬರೆಯೋಣ. ಕಾಗದ ತಂದಿದ್ದೀನಿ, ಅಕ್ಷರ ಚೆನ್ನಾಗಿರೋರು ಮುಂದೆ ಬನ್ನಿ.