‘ಕಾಂಬ’ ಎಷ್ಟು ಹಳೆಯದು?

ಕುಂದಾಪುರದ ಮೀನು ಪೇಟೆಯಲ್ಲಿ ಬಂಗುಡೆಯ ಕಿವಿರು ಎತ್ತಿ ತೋರಿಸಿದರೆ ‘ಕಾಣಿ’. ಪತ್ರೊಡೆ ಬಡಿಸಿದರೆ ‘ತಿಂದ್ ಕಾಣಿ’. ಅಪರೂಪಕ್ಕೆ ಸಿಕ್ಕ ನೆಂಟರಿಗೆ ‘ಎಂತ ಮರಾಯ್ರೆ, ಕಾಂಬುಕೇ ಇಲ್ಲೆ!’ ಸಾಲ ಕೇಳಿದವನಿಗೆ ಬರೀ ‘ಕಾಂಬ’. ಅದರಲ್ಲಿ ಹೂಂ ಕೂಡ ಇಲ್ಲ, ಊಹೂಂ ಕೂಡ ಇಲ್ಲ. ಬೆಂಗಳೂರಿನವರು ‘ನೋಡು’ ಎನ್ನುವಲ್ಲಿ ಕುಂದಾಪುರ, ಬೈಂದೂರು ಕಡೆಯವರ ಬಾಯಿಗೆ ಹೆಚ್ಚಾಗಿ ಬರುವುದು ‘ಕಾಣ್’.

ಇಂಗ್ಲಿಷಿನ ‘ಸೀ’ ಕೂಡ ಹೀಗೆಯೇ ಹಲವು ಕೆಲಸ ಮಾಡುತ್ತದೆ. ಅದರ ಬೇರು ಲ್ಯಾಟಿನ್ನಿನ ‘ಹಿಂಬಾಲಿಸು’ ಎಂಬರ್ಥದ ಕ್ರಿಯಾಪದದ್ದೇ ಎಂದು ಕೆಲವು ವಿದ್ವಾಂಸರ ವಾದ, ಉಳಿದವರು ಒಪ್ಪುವುದಿಲ್ಲ.

ಇಲ್ಲಿನ ಜಗಳ ಬೇರೆ. ‘ನಮ್ಮದು ಅಚ್ಚ ಹಳೆಗನ್ನಡ’ ಎಂಬ ಹೆಮ್ಮೆ ವೇದಿಕೆ ಸಿಕ್ಕಲ್ಲೆಲ್ಲ ಕೇಳಿಸುತ್ತದೆ. ರೂಪದ ಮಟ್ಟಿಗೆ ಅದು ನಿಜ. ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನ ಕಾಲದ ಕನ್ನಡದಲ್ಲಿ ಭವಿಷ್ಯತ್ತಿಗೆ ‘ಪೋಪ’, ‘ಬರ್ಪ’, ‘ಕಾಣ್ಬ’ ಇದ್ದವು. ಗ್ರಂಥಸ್ಥ ಕನ್ನಡದಲ್ಲಿ ಆ ಪಕಾರ-ಬಕಾರ ಇಂದು ನಿತ್ಯ ಬಳಕೆಯಲ್ಲಿ ಉಳಿದಿರುವುದು ಮುಖ್ಯವಾಗಿ ‘ಎಂಬ’ದಲ್ಲಿ. ಕುಂದಗನ್ನಡದಲ್ಲಿ ಹೋಪ, ಬಪ್ಪ, ಉಂಬ, ತಿಂಬ, ಕಾಂಬ ಎಲ್ಲವೂ ಜೀವಂತ.

ಊರಿನ ಶಾಲೆಗಳಲ್ಲಿ ಓದಿದ ಹಿರಿಯರಿಗೆ ನೆನಪಿರಬಹುದು. ಪ್ರಬಂಧದಲ್ಲಿ ‘ಹೋಪ’ ಎಂದು ಬರೆದರೆ ಮೇಷ್ಟ್ರ ಕೆಂಪು ಶಾಯಿ ಬೀಳುತ್ತಿತ್ತು. ಅದೇ ಮೇಷ್ಟ್ರು ಹಳೆಗನ್ನಡ ಪದ್ಯದಲ್ಲಿ ‘ಪೋಪ’ ಬಂದಾಗ ‘ನಿಮ್ಮಜ್ಜಿ ಹೇಳುದೇ ಅಲ್ದಾ?’ ಎಂದು ನಗುತ್ತಿದ್ದರು.

ಆದರೆ ಹೆಮ್ಮೆಯಲ್ಲಿ ಪಾಲುದಾರರಿದ್ದಾರೆ. ದಕ್ಷಿಣ ಕನ್ನಡದ, ಕಾಸರಗೋಡಿನ ಹವ್ಯಕರೂ ಹೋಪದು, ಬಪ್ಪದು, ಉಂಬದು ಎನ್ನುತ್ತಾರೆ.

ಅರ್ಥದ ವಿಷಯ ಇನ್ನೂ ತೊಡಕು. ಹಳೆಗನ್ನಡದಲ್ಲಿ ‘ನೋಡು’ವೂ ಇತ್ತು, ‘ಕಾಣ್’ ಕೂಡ ಇತ್ತು. ಮನಸ್ಸಿಟ್ಟು ದಿಟ್ಟಿಸುವುದು ಒಂದು, ಕಣ್ಣಿಗೆ ಬೀಳುವುದು ಇನ್ನೊಂದು. ಮಲಯಾಳದಲ್ಲಿಯೂ ‘ನೋಕ್ಕುಗ’, ‘ಕಾಣುಗ’ ಎಂಬ ಜೋಡಿ ಇದೆ. ಕುಂದಗನ್ನಡ ಎರಡೂ ಕೆಲಸವನ್ನು ‘ಕಾಣ್’ ತಲೆಗೇ ಕಟ್ಟಿತು. ಪಕ್ಕದ ತುಳುವಿನ ‘ತೂ’ ಕೂಡ ಎರಡನ್ನೂ ಒಂದೇ ಧಾತುವಿನಲ್ಲಿ ನಿಭಾಯಿಸುತ್ತದೆ. ಬ್ರಹ್ಮಾವರದ ಪೇಟೆಯಲ್ಲಿ ಎರಡು ಭಾಷೆಯೂ ಒಟ್ಟಿಗೇ ಕಿವಿಗೆ ಬೀಳುತ್ತವೆ.

ಹಾಗಾದರೆ ‘ಕಾಂಬ’ದ ರೂಪ ಕೇಶಿರಾಜನದು, ಬಳಕೆ ತುಳುವರ ಸಹವಾಸದ್ದೇ? ಅಥವಾ ಕುಂದಗನ್ನಡ ತಾನಾಗಿಯೇ ಹಿಡಿದ ದಾರಿಯೇ? ತುಳುವಿನ ಕಡೆಗೆ ತಕ್ಕಡಿ ತುಸು ವಾಲುತ್ತದೆ, ಆದರೆ ತುಳು ಅಷ್ಟಾಗಿ ಕೇಳದ ಬೈಂದೂರಿನಲ್ಲೂ ಇದೇ ‘ಕಾಣಿ’ ಯಾಕೆ? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತಿರುವಿದರೆ ಈ ಪ್ರಶ್ನೆ ಮುಗಿಯದು. ಶಿರೂರಿನಿಂದ ಬಾರ್ಕೂರಿನ ತನಕ ಊರೂರಿನ ಹಿರಿಯರು ಎಲ್ಲಿ ‘ಕಾಣಿ’ ಎನ್ನುತ್ತಾರೆ, ಎಲ್ಲಿ ‘ನೋಡಿ’ ಎನ್ನುತ್ತಾರೆ ಎಂದು ಈಗಲೇ ಬರೆದಿಟ್ಟುಕೊಳ್ಳಿ.